ನಾಲ್ಕು ಕುಣಿ ತೋಡಿದ ನೇಕಾರ

"ಗುರುಗಳೇ, ಕೊಳ್ಳುವ ತನಕ ಚೆನ್ನಾಗಿದ್ದ ಮನೆ ಕೊಂಡ ಮರುದಿನವೇ ಯಾಕೆ ಕೆಟ್ಟದಾಗಿ ಕಾಣುತ್ತದೆ?"

ಹೀಗೆ ಕೇಳಿದ ಶಿಷ್ಯ ಎರಡು ಹರದಾರಿ ನಡೆದು ಬಂದಿದ್ದ. ಮೈಯೆಲ್ಲ ಬೆವರು. ಬಲಗೈಯಲ್ಲಿ ಒಂದು ಬೀಗದ ಕೈ ಬಿಗಿಯಾಗಿ ಹಿಡಿದಿದ್ದ. ಗುರುಗಳು ಮಠದ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಕೂತುಕೊಂಡು ಹೇಳು" ಎಂದರು.

ಶಿಷ್ಯ ಕೂರಲಿಲ್ಲ. "ನಾನೂ ನನ್ನ ಹೆಂಡತಿಯೂ ಮೂರು ಸಲ ನೋಡಿ ಒಪ್ಪಿದ ಮನೆ. ನಿನ್ನೆ ಪತ್ರವಾಯಿತು. ಇವತ್ತು ಬೆಳಿಗ್ಗೆ ಬಾಡಿಗೆ ಮನೆ ಬಿಟ್ಟು, ಸಾಮಾನೆಲ್ಲ ಗಾಡಿಯಲ್ಲಿ ತಂದು ಹೊಸ ಮನೆಯ ಮುಂದೆ ಇಳಿಸಿದೆವು. ಬೀಗ ತೆಗೆಯಲು ಹೋದೆ. ಗೋಡೆಯ ಮೇಲೊಂದು ಕಲೆ ಕಂಡಿತು. ಮೂರು ಸಲ ನೋಡಿದಾಗಲೂ ಕಾಣದ ಕಲೆ. ಎದುರುಮನೆಯವರು 'ಇದನ್ನು ಕೊಂಡಿರಾ?' ಎಂದರು. ಅವರು ಕೇಳಿದ ರೀತಿ ನನಗೆ ಸರಿಬರಲಿಲ್ಲ. ಬೀಗ ತೆಗೆಯಲು ಕೈಯೇ ಏಳಲಿಲ್ಲ. ನೆಟ್ಟಗೆ ಇಲ್ಲಿಗೆ ಬಂದೆ. ಇಟ್ಟುಕೊಳ್ಳಲೋ, ಹಿಂದಕ್ಕೆ ಕೊಡಲೋ? ತಾವು ಹೇಳಿದ ಹಾಗೆ."

"ಅಂದರೆ ಇನ್ನೂ ಒಳಗೆ ಹೋಗಿಲ್ಲ."

"ಇಲ್ಲ."

ಗುರುಗಳು ಒಂದು ಬೀಜವನ್ನು ಅಂಗಳಕ್ಕೆ ಎಸೆದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಲ್ಲಿ ಒಬ್ಬ ನೇಕಾರನಿದ್ದ. ಕೈ ಚುರುಕು, ಮಾತು ಕಡಿಮೆ. ಇಪ್ಪತ್ತು ವರ್ಷ ಅವನು ಸಾಹುಕಾರನ ಮಗ್ಗದ ಮನೆಯಲ್ಲಿ ನೇಯ್ದ. ಆ ಕಡೆಯ ಮಗ್ಗಕ್ಕೆ ಬರೀ ನೆಲ ಸಾಲದು, ನೆಲದಲ್ಲಿ ಸೊಂಟದುದ್ದ ಕುಣಿ ತೋಡಬೇಕು. ನೇಕಾರ ಕುಣಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯುತ್ತಾನೆ. ಬಾಡಿಗೆ ಮನೆಯ ನೆಲ ಅಗೆಯಲು ಯಾವ ಮಾಲೀಕ ಬಿಡುತ್ತಾನೆ? ಹಾಗಾಗಿ ಸ್ವಂತ ಮನೆಯಿಲ್ಲದವನಿಗೆ ಸ್ವಂತ ಮಗ್ಗವೂ ಇಲ್ಲ. ಇವನ ಕಾಲು ಇಪ್ಪತ್ತು ವರ್ಷ ಇನ್ನೊಬ್ಬರ ಕುಣಿಯಲ್ಲೇ ಇತ್ತು.

ಅವನ ಹೆಂಡತಿ ಅಷ್ಟರಲ್ಲಿ ಒಂಬತ್ತು ಬಾಡಿಗೆ ಮನೆ ಗುಡಿಸಿದ್ದಳು. ಒಂದರಲ್ಲೂ ಗೋಡೆಗೆ ಮೊಳೆ ಹೊಡೆಯಲು ಅವಳನ್ನು ಬಿಟ್ಟಿರಲಿಲ್ಲ.

ಕೊನೆಗೊಮ್ಮೆ ಒಬ್ಬ ಬೆಲ್ಲದ ವ್ಯಾಪಾರಿ ನೇಕಾರರ ಓಣಿಯಲ್ಲಿದ್ದ ತನ್ನ ಹಳೆಯ ಮನೆ ಮಾರಲು ನಿಂತ. ಗಂಡ ಹೆಂಡತಿ ಹೋಗಿ ನೋಡಿದರು. ಮೂಡಲ ದಿಕ್ಕಿಗೆ ದೊಡ್ಡ ಕಿಟಕಿ, ನೇಯಲು ಬೇಕಾದಷ್ಟು ಬೆಳಕು. ನೇಕಾರ ಅದರ ಮುಂದೆ ಬಹಳ ಹೊತ್ತು ನಿಂತ. ತೆಂಕಣ ಗೋಡೆಯಲ್ಲಿ ಒಂದು ಬಿರುಕಿತ್ತು. ಅದರಲ್ಲಿ ಬೆರಳಿಟ್ಟು, "ಹಳೀ ಮನಿ, ಇಷ್ಟು ಇರೂದ" ಎಂದು ನಕ್ಕ. ಆ ಮನೆಯನ್ನೇ ಕೊಂಡ.

ಆ ಓಣಿಯಲ್ಲಿ ಒಂದು ಕಟ್ಟಳೆಯಿತ್ತು. ಮನೆ ಕೊಂಡವನಿಗೆ ಇಪ್ಪತ್ತೊಂದು ದಿನ. ಅಷ್ಟರೊಳಗೆ ಅವನು ಕುಣಿ ತೋಡಿ, ಮಗ್ಗ ಹೂಡಿ, ಅಡ್ಡ ಎಳೆ ಒಯ್ಯುವ ಲಾಳಿಯನ್ನು ಮೊದಲ ಸಲ ಎಸೆಯಬೇಕು. ಲಾಳಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದರೆ ಮನೆ ಅವನದು. ದಾಟದಿದ್ದರೆ ಕೊಟ್ಟ ಹಣ ಕೊಂಡವನಿಗೆ, ಮನೆ ಮಾರಿದವನಿಗೆ. ಒಲ್ಲದ ಮನೆಯಲ್ಲಿ ಯಾರೂ ಸಿಕ್ಕಿಬೀಳಬಾರದೆಂದು ಹಿರಿಯರು ಯೋಚಿಸಿಯೇ ಹಾಗೆ ಮಾಡಿದ್ದರು. ಜೊತೆಗೆ ಇನ್ನೊಂದು ಮಾತೂ ಇತ್ತು. ಮೊದಲ ಲಾಳಿ ದಾಟುವ ತನಕ ಮನೆಯೊಳಗೆ ಒಲೆ ಹೊತ್ತಿಸುವಂತಿಲ್ಲ, ಹಾಸಿಗೆ ಹಾಸುವಂತಿಲ್ಲ. ಯಾರಿಗೂ ಅದು ಭಾರವಾಗಿರಲಿಲ್ಲ. ಮೊದಲ ದಿನ ಕುಣಿ, ಎರಡನೆಯ ದಿನ ಮಗ್ಗ, ಅಂದು ಸಂಜೆಗೇ ಒಲೆ.

ಹೆಂಡತಿ ಹೊರಗೆ ಜಗಲಿಯ ಮೇಲೆ ಮೂರು ಕಲ್ಲು ಹೂಡಿದಳು. ಎರಡು ದಿನ ತಾನೇ ಎಂದುಕೊಂಡಳು. ಮೊದಲ ಸೀರೆಯ ಹಾಸನ್ನು, ಎಂದರೆ ಉದ್ದದ ಎಳೆಗಳನ್ನು, ಅವಳೇ ಸಿದ್ಧ ಮಾಡಿದ್ದಳು. ನೂಲಿಗೆ ಗಂಜಿ ಸವರಿ, ಒಣಗಿಸಿ, ಮಗ್ಗಕ್ಕೆ ಏರಿಸುವುದಷ್ಟೇ ಬಾಕಿ ಎಂಬಂತೆ ಮಾಡಿ, ಬಟ್ಟೆಯಲ್ಲಿ ಸುತ್ತಿ ಜಗಲಿಯ ತೊಲೆಗೆ ತೂಗುಹಾಕಿದಳು. ಗಂಜಿ ಹಾಕಿದ ಹಾಸು ಬಹಳ ದಿನ ಕಾಯುವುದಿಲ್ಲ. ತೇವ ತಾಗಿದರೆ ಎಳೆಗೆ ಎಳೆ ಅಂಟುತ್ತದೆ. ಮುಂಗಾರಿಗೆ ಇನ್ನು ತಿಂಗಳೂ ಇರಲಿಲ್ಲ.

ಮೊದಲ ದಿನ ನೇಕಾರ ಕಿಟಕಿಯ ಬಳಿ ಕುಣಿ ತೋಡಿದ. ಮೊಳಕಾಲುದ್ದ ಇಳಿದಾಗ ಮಣ್ಣು ಬಣ್ಣ ಬದಲಿಸಿತು. ಸೊಂಟದುದ್ದ ಇಳಿದಾಗ ಕೈಗೆ ತಂಪು ತಾಗಿತು. ಮಗ್ಗದ ಕಂಬ ಕೊಡಲು ಬಂದ ಬಡಿಗ ಬಗ್ಗಿ ನೋಡಿ, "ಹಸಿ ಐತೆಲ್ಲೋ" ಎಂದ. ಅಷ್ಟೇ ಹೇಳಿ ಹೋದ.

ಬಡಿಗ ಹೋದ. ಅವನು ಬಿಟ್ಟ ಹುಳ ನೇಕಾರನ ತಲೆಯಲ್ಲೇ ಉಳಿಯಿತು. ನೆಲ ಹಸಿಯಾದರೆ ಗೋಡೆಗೆ ತೇವ. ಗೋಡೆಗೆ ತೇವವಾದ್ದರಿಂದಲೇ ಆ ಬಿರುಕು. ಹೌದಲ್ಲ, ಬೆಲ್ಲದವನು ಬೆಲೆ ಮಾತಾಡುವಾಗ ಎರಡನೆಯ ಮಾತಿಗೇ ಯಾಕೆ ಒಪ್ಪಿಬಿಟ್ಟ? ಮರುದಿನ ಬೆಳಿಗ್ಗೆ ಎದ್ದವನೇ ಕುಣಿಗೆ ಮಣ್ಣು ಎಳೆಯತೊಡಗಿದ.

"ಯಾಕ್ರಿ ಮುಚ್ಚಾಕತ್ತೀರಿ?" ಎಂದಳು ಹೆಂಡತಿ.

"ಸುಮ್ನಿರು. ಅವಸರದಾಗ ಮಾಡೂ ಕೆಲಸಲ್ಲ ಇದು."

ಎರಡನೆಯ ಕುಣಿಯನ್ನು ನಡುಮನೆಯಲ್ಲಿ ತೋಡಿದ. ಅವನ ಸೋದರಮಾವ ಬಂದು ಮೇಲೆ ನೋಡಿದ, ಕೆಳಗೆ ನೋಡಿದ. "ತೊಲಿ ಕೆಳಗ ಕುಣಿ ತೋಡ್ತಾರೇನೋ ಮಾರಾಯ?" ಎಂದ. ಅದನ್ನೂ ಮುಚ್ಚಿದ. ಮೂರನೆಯದನ್ನು ಪಡುವಣ ಮೂಲೆಯಲ್ಲಿ ತೋಡಿದ. ಈ ಸಲ ಯಾರೂ ಬರಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಎರಡು ದಿನ ಅವನು ಕಾದ. ಯಾರೂ ಏನೂ ಅನ್ನುತ್ತಿಲ್ಲವಲ್ಲ, ಯಾಕೆ? ಎಲ್ಲರಿಗೂ ಗೊತ್ತಿದ್ದು ಸುಮ್ಮನಿದ್ದಾರೋ? ಹೀಗೆಂದುಕೊಂಡು ಅದನ್ನೂ ಮುಚ್ಚಿದ. ಅನುಮಾನಕ್ಕೆ ಈಗ ಹೊರಗಿನವರ ಸಹಾಯ ಬೇಕಾಗಿರಲಿಲ್ಲ.

ಓಣಿಯ ಕೊನೆಗೆ ಇನ್ನೊಂದು ಮನೆಯಿತ್ತು. ಗಂಡ ಹೆಂಡತಿ ಅದನ್ನೂ ನೋಡಿದ್ದರು. ಕತ್ತಲೆ ಕೋಣೆ, ನೀರು ದೂರ ಎಂದು ಬಿಟ್ಟಿದ್ದರು. ನೇಕಾರ ಈಗ ದಿನಾ ಮಧ್ಯಾಹ್ನ ಹೋಗಿ ಆ ಮನೆಯ ಮುಂದೆ ನಿಲ್ಲತೊಡಗಿದ. ಎಂಥ ಬಾಗಿಲು! ಎಂಥ ಗಟ್ಟಿ ಗೋಡೆ! ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ಈ ಬೆಟ್ಟ ದೂರವೂ ಇರಲಿಲ್ಲ, ಇಪ್ಪತ್ತು ಮನೆಯಾಚೆ ಇತ್ತು. ಅದರಲ್ಲಿ ಆಗಲೇ ಬೇರೆ ಯಾರೋ ಬಂದು ಇದ್ದರು. ಒಳಗೆ ಲಾಳಿಯ ಸದ್ದು ಕೇಳಿಸುತ್ತಿತ್ತು.

ಇತ್ತ ಹೆಂಡತಿ ಜಗಲಿಯ ಮೇಲೆ ಬೇಯಿಸಿದಳು, ಜಗಲಿಯ ಮೇಲೆ ಮಲಗಿದಳು. ಓಣಿಯವರು ಬರುವಾಗ ಹೋಗುವಾಗ, "ಇನ್ನೂ ಒಲಿ ಹೂಡಿಲ್ಲೇನ ತಂಗಿ?" ಎಂದು ಕೇಳಿದರು. ಮೊದಲ ವಾರ ಅವಳು ಉತ್ತರ ಕೊಟ್ಟಳು. ಎರಡನೆಯ ವಾರ ನಕ್ಕಳು. ಮೂರನೆಯ ವಾರ ಮುಖ ತಗ್ಗಿಸಿ ಕೂತಳು. ಹಿಂದಕ್ಕೆ ಹೋಗಲು ಅವರಿಗೆ ಜಾಗವಿರಲಿಲ್ಲ. ಬಿಟ್ಟ ಬಾಡಿಗೆ ಮನೆಗೆ ಬೇರೆಯವರು ಬಂದಿದ್ದರು. ಸಾಹುಕಾರ ಇವನ ಕುಣಿಯಲ್ಲಿ ಇನ್ನೊಬ್ಬನನ್ನು ಕೂರಿಸಿದ್ದ.

ಪಕ್ಕದ ಮನೆ ಎಣ್ಣೆ ಗಾಣದವನದು. ಅವನಿಗೆ ಇನ್ನೊಂದು ಗಾಣ ಹೂಡಲು ಜಾಗ ಬೇಕಿತ್ತು. ಅವನು ದಿನಾ ಸಂಜೆ ಬಂದು, ಏನೂ ಮಾತಾಡದೆ, ಮನೆಯ ಉದ್ದವನ್ನು ಹೆಜ್ಜೆಯಲ್ಲಿ ಅಳೆದು ಹೋಗುತ್ತಿದ್ದ. ಹೆಂಡತಿ ಒಲೆಯ ಮುಂದೆ ಕೂತು ಆ ಹೆಜ್ಜೆ ನೋಡುತ್ತಿದ್ದಳು. ಅವನ ಹೆಜ್ಜೆ ಸಂಜೆಯಿಂದ ಸಂಜೆಗೆ ನಿಧಾನವಾಗುತ್ತ ಬಂತು. ಅವಸರವಿಲ್ಲದವನ ನಡಿಗೆ ಅದು. ಅದನ್ನು ಕಂಡು ಅವಳ ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಗುತ್ತಿತ್ತು.

ಇಪ್ಪತ್ತನೆಯ ದಿನ ನೇಕಾರ ನಾಲ್ಕನೆಯ ಕುಣಿ ತೋಡಿದ. ಉಳಿದದ್ದು ತೆಂಕಣ ಗೋಡೆಯ ಬುಡ ಒಂದೇ. ಅಲ್ಲೇ ಗುದ್ದಲಿ ಹಾಕಿದ. ಸೊಂಟದುದ್ದ ಇಳಿಯುವ ಹೊತ್ತಿಗೆ ಗೋಡೆ ಚೂರು ಚೂರೇ ಮಣ್ಣು ಉದುರಿಸಿತು. ಬೆರಳು ಹೋಗುತ್ತಿದ್ದ ಬಿರುಕಿನಲ್ಲಿ ಈಗ ಇಡೀ ಕೈ ಹೋಯಿತು.

"ಏ, ಬಾ ಇಲ್ಲಿ! ನೋಡಿದ್ಯಾ? ನಾ ಹೇಳಿರ್ಲಿಲ್ಲ?" ಎಂದು ಕೂಗಿದ.

ಆ ಕೂಗಿನಲ್ಲಿ ಸಂತೋಷವಿತ್ತು. ತನ್ನ ಮನೆಯ ಗೋಡೆ ಬಿರಿದದ್ದಕ್ಕೆ ಅವನು ಸಂತೋಷಪಟ್ಟ, ಅನುಮಾನ ನಿಜವಾಯಿತಲ್ಲ ಎಂದು. ಹೆಂಡತಿ ಬಂದು ಬಿರುಕನ್ನು ನೋಡಿದಳು. ಬುಡದ ಕುಣಿಯನ್ನೂ ನೋಡಿದಳು. ಹೊರಗೆ ಹೋಗಿ ಒಲೆಯ ಮುಂದೆ ಕೂತಳು.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆಯೇ ಮೋಡ ಕವಿಯಿತು. ಬೆಲ್ಲದ ವ್ಯಾಪಾರಿ ಓಣಿಯ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಅವರ ಹಿಂದೆ ಗಾಣದವನೂ ಬಂದ.

"ನಿಮ್ಮ ಮನಿ ನಿಮಗಿರ್ಲಿ," ಎಂದ ನೇಕಾರ. "ನೆಲ ಹಸಿ. ಗ್ವಾಡಿ ಬಿರದೈತಿ."

ವ್ಯಾಪಾರಿ ಒಳಗೆ ಹೋಗಿ ನೋಡಿ ಬಂದ. ಅವನ ಮುಖ ಕಪ್ಪಿಟ್ಟಿತ್ತು. "ನಾ ಕೊಟ್ಟಾಗ ನೆಲ ಗಟ್ಟಿ ಇತ್ತು, ಗ್ವಾಡಿ ನಿಂತಿತ್ತು. ಒಳಗ ಹೆಗ್ಗಣ ಹೊಕ್ಕಂಗಾಗೇತಿ. ಆದ್ರೂ ಕಟ್ಟಳಿ ಕಟ್ಟಳಿನ. ಹೊತ್ತು ಮುಳುಗೂದರಾಗ ಲಾಳಿ ದಾಟಲಿಲ್ಲಂದ್ರ ಮನಿ ನಂದು. ನಾಳೆ ಇವಂಗ ಕೊಡ್ತೀನಿ" ಎಂದು ಗಾಣದವನನ್ನು ತೋರಿಸಿದ.

ನೇಕಾರನಿಗೆ ಬೇಕಾಗಿದ್ದೂ ಅದೇ ಅಲ್ಲವೇ? ಹಗುರಾಗಬೇಕಿತ್ತು. ಅಷ್ಟರಲ್ಲಿ ಗಾಣದವನು ಮೂಡಲ ಕಿಟಕಿಯ ಮುಂದೆ ನಿಂತು, "ಮೊದಲ ಇದನ್ನ ಕಲ್ಲಿಟ್ಟು ಮುಚ್ಚಸ್ಬೇಕು. ಎತ್ತು ಬೆದರ್ತಾವ" ಎಂದ.

ನೇಕಾರ ತಿರುಗಿ ಕಿಟಕಿಯತ್ತ ನೋಡಿದ. ಆ ಕಿಟಕಿಗಾಗಿ ತಾನೇ ಈ ಮನೆ ಕೊಂಡದ್ದು! ಕೈಗೆ ಬಂದಾಗ ಕೆಟ್ಟದಾಗಿ ಕಂಡ ಮನೆ ಕೈಬಿಡುವಾಗ ಮತ್ತೆ ಒಳ್ಳೆಯದಾಯಿತು. ನೋಡು ಮನಸ್ಸಿನ ಆಟ. ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅವನು ಹೊಸ್ತಿಲ ಹತ್ತಿರ ಕಂಬದ ಹಾಗೆ ನಿಂತುಬಿಟ್ಟ. ಒಂದು ಗಳಿಗೆ ಕಳೆಯಿತು, ಎರಡು ಗಳಿಗೆ ಕಳೆಯಿತು. ಅಂಗಳದಲ್ಲಿ ಮಳೆಯ ಮೊದಲ ಹನಿಗಳು ಬಿದ್ದವು.

ಗಾಳಿಗೆ ಎರಚಲು ಜಗಲಿಗೂ ಬಂತು. ಹೆಂಡತಿ ಎದ್ದು ತೊಲೆಗೆ ತೂಗುಹಾಕಿದ್ದ ಹಾಸನ್ನು ಇಳಿಸಿದಳು. ಬಟ್ಟೆಯ ಒಂದು ಮಗ್ಗುಲು ಆಗಲೇ ನೆನೆದಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನಿಂತಿದ್ದ ಗಂಡನನ್ನು ದಾಟಿ ಒಳಗೆ ಹೋದಳು. ಕಿಟಕಿಯ ಬಳಿ ಹಾಸನ್ನು ಇಟ್ಟು, ಮೊದಲ ಕುಣಿಯ ಮಣ್ಣನ್ನು ಬರಿಗೈಯಿಂದ ಬಾಚತೊಡಗಿದಳು.

"ಅದು ಹಸಿ ಕುಣಿ" ಎಂದ ನೇಕಾರ.

ಅವಳು ತಲೆಯೆತ್ತಲಿಲ್ಲ. "ಇಪ್ಪತ್ತು ವರ್ಷ ಸಾಹುಕಾರ್ರ ಕುಣಿಗೆ ದಿನಾ ಮುಂಜಾನಿ ಎರಡು ಕೊಡ ನೀರು ಹೊಯ್ದ್ರೆಲ್ಲ, ಯಾಕ ಹೊಯ್ದ್ರಿ?"

 ಯಾಕೆಂದು ನೇಕಾರನಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತು? ಒಣ ಕುಣಿಯ ಮೇಲೆ ನೂಲು ಒಣಗಿ ಪಟಪಟನೆ ಹರಿಯುತ್ತದೆ. ಕುಣಿ ತಂಪಾಗಿದ್ದರೆ ಎಳೆ ಮೆತ್ತಗಿರುತ್ತದೆ. ಇನ್ನೊಬ್ಬರ ಮನೆಯ ಕುಣಿಗೆ ಅವನು ಹೊತ್ತು ಹಾಕುತ್ತಿದ್ದ ತಂಪನ್ನು ಈ ನೆಲ ತಾನಾಗಿ ಇಟ್ಟುಕೊಂಡಿತ್ತು. ಅದನ್ನೇ ಅವನು ಮನೆಯ ದೋಷವೆಂದು ತಿಳಿದಿದ್ದ.

ಅವನು ಗುದ್ದಲಿ ಹಿಡಿದು ಅವಳ ಪಕ್ಕದಲ್ಲಿ ಅಗೆಯತೊಡಗಿದ.

ಒಮ್ಮೆ ಮುಚ್ಚಿದ ಮಣ್ಣು ಬೇಗ ಬಂತು. ಆದರೆ ಅಂಚು ಸಡಿಲವಾಗಿತ್ತು, ಮಗ್ಗದ ಕಂಬ ನಿಲ್ಲಲಿಲ್ಲ. ನೆಟ್ಟರೆ ವಾಲಿತು, ಮತ್ತೆ ನೆಟ್ಟರೆ ಮತ್ತೆ ವಾಲಿತು. ಮಧ್ಯಾಹ್ನ ಜಾರಿತು. ಹೆಂಡತಿ ಹೊರಗೆ ಹೋಗಿ ಒಲೆಯ ಕಲ್ಲುಗಳನ್ನು ಕಿತ್ತು ತಂದಳು. ಇನ್ನೂ ಬಿಸಿಯಿದ್ದವು. ಮೂರು ಕಂಬಕ್ಕೆ ಮೂರು ಕಲ್ಲು ಕೊಟ್ಟು ಬಿಗಿದರು. ಈಗ ಅವರಿಗೆ ಹೊರಗೂ ಒಲೆಯಿರಲಿಲ್ಲ, ಒಳಗೂ ಇರಲಿಲ್ಲ. ನಾಲ್ಕನೆಯ ಕಂಬಕ್ಕೆ ಕಲ್ಲು ಉಳಿಯಲಿಲ್ಲ. ಅದನ್ನು ಅವಳೇ ಎರಡೂ ಕೈಯಿಂದ ತಬ್ಬಿ ಹಿಡಿದು ನಿಂತಳು.

ಹಾಸನ್ನು ಬಿಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಹಿರಿಯರು ಬಾಗಿಲಲ್ಲಿ ನಿಂತು ಪಡುವಣಕ್ಕೆ ನೋಡುತ್ತಿದ್ದರು. ಮೋಡದ ಅಂಚಿನಲ್ಲಿ ಸ್ವಲ್ಪ ಕೆಂಪು ಉಳಿದಿತ್ತು.

ನೇಕಾರ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆದ. ನೆನೆದ ಎಳೆಗಳು ಅಂಟಿಕೊಂಡಿದ್ದವು. ಲಾಳಿ ನಡುವೆ ನಿಂತಿತು. ಬಿಡಿಸಿ ಮತ್ತೆ ಎಸೆದ. ಎರಡು ಎಳೆ ಹರಿದವು, ಲಾಳಿ ಕುಣಿಗೆ ಬಿತ್ತು. ಗಾಣದವನು ಒಂದು ಹೆಜ್ಜೆ ಒಳಗೆ ಬಂದ. ನೇಕಾರ ಲಾಳಿಯನ್ನು ಹೆಕ್ಕಿ ತೊಡೆಯ ಮೇಲೆ ಇಟ್ಟುಕೊಂಡ. 

"ಆಗಂಗಿಲ್ಲ," ಎಂದ. "ಹಾಸ ಕೆಟ್ಟೈತಿ."

ಕಂಬ ಹಿಡಿದಿದ್ದ ಹೆಂಡತಿಯ ತೋಳು ಸೋತಿದ್ದವು. ಆದರೂ ಅವಳು ಗಟ್ಟಿಯಾಗಿ ಹೇಳಿದಳು: "ಎಳಿ ಹರದ್ರ ಗಂಟ ಹಾಕಿ ಮುಂದ ನೇಯ್ತೀರಿ. ಒಂದ ಎಳಿ ಹರೀತಂತ ಎಂದಾದ್ರೂ ಹಾಸ ಬಿಚ್ಚಿ ಒಗದೀರೇನು?"

ನೇಕಾರ ಹರಿದ ಎಳೆಗಳ ತುದಿ ಹುಡುಕಿದ. ಒಂದು ಗಂಟು ಹಾಕಿದ, ಇನ್ನೊಂದು ಹಾಕಿದ. ಹೊರಗೆ ನೋಡಲಿಲ್ಲ. ಹಲಗೆ ತುಳಿದು ಲಾಳಿ ಎಸೆದ.

"ದಾಟಿತು" ಎಂದರು ಹಿರಿಯರು.

ಗಾಣದವನು ತಿರುಗಿ ಹೋದ. ಈ ಸಲ ಹೆಜ್ಜೆ ಅಳೆಯಲಿಲ್ಲ. ಒಲೆಗೆ ಕಲ್ಲಿಲ್ಲವೆಂದು ಕಂಡು ಬೆಲ್ಲದ ವ್ಯಾಪಾರಿಯೇ ಹಿತ್ತಲಿಂದ ಮೂರು ಕಲ್ಲು ಹೊತ್ತು ತಂದು ಒಳಗಿಟ್ಟ. ಹೆಂಡತಿ ಒಲೆ ಹೊತ್ತಿಸಿದಳು. ಇಪ್ಪತ್ತೊಂದು ದಿನ ಅವಳು ಅತ್ತಿರಲಿಲ್ಲ. ಆ ಒಲೆಯ ಮುಂದೆ ಕೂತು ಮನಸಾರೆ ಅತ್ತಳು.

ಆಮೇಲೆ ಅವರು ಆ ಮನೆಯಲ್ಲಿ ಬಾಳಿದರು. ಗೋಡೆಯ ಬುಡ ತುಂಬಿ, ಬಿರುಕಿಗೆ ಮಣ್ಣು ಮೆತ್ತಿದರು, ನಿಂತಿತು. ಕಿಟಕಿಯ ಬಳಿಯ ಕುಣಿ ಎಂದೂ ತೊಂದರೆ ಕೊಡಲಿಲ್ಲ. ಆದರೆ ಪ್ರತಿ ಮಳೆಗಾಲ ಉಳಿದ ಮೂರು ಕುಣಿಗಳು ಕುಸಿಯುತ್ತಿದ್ದವು. ಪ್ರತಿ ವರ್ಷ ನೇಕಾರ ಮಣ್ಣು ಹೊತ್ತು ತಂದು ತುಂಬುತ್ತಿದ್ದ. ಮುಪ್ಪಿನಲ್ಲಿ ಒಮ್ಮೆ ಅಲ್ಲೇ ಎಡವಿ ಬಿದ್ದ. ಆ ಮನೆಯಲ್ಲಿ ಮನೆಯದೇ ಆದ ಯಾವ ದೋಷವೂ ಅವನನ್ನು ಬೀಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಹುಣಸೆಬೀಜವನ್ನೆಲ್ಲ ಒಂದು ಕಡೆಗೆ ಸರಿಸಿದರು. ಶಿಷ್ಯ ಇನ್ನೂ ನಿಂತೇ ಇದ್ದ. ಬೀಗದ ಕೈಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದ.

"ಹಾಗಾದರೆ ಮನೆ ಇಟ್ಟುಕೋ ಎಂದು ತಾನೇ ತಮ್ಮ ಮಾತು?"

"ಹಾಗೆ ನಾನು ಹೇಳಲಿಲ್ಲ. ಹಿರಿಯರು ಆ ಇಪ್ಪತ್ತೊಂದು ದಿನಗಳನ್ನು ಸುಮ್ಮನೆ ಕೊಟ್ಟಿರಲಿಲ್ಲ. ಒಲ್ಲೆ ಅನ್ನುವುದಾದರೆ ನೇಕಾರ ಮೊದಲ ದಿನವೇ ಅನ್ನಬಹುದಿತ್ತು."

"ಆದರೆ ಗುರುಗಳೇ, ಆ ಗೋಡೆಯ ಕಲೆ? ಎದುರುಮನೆಯವರು ಕೇಳಿದ ರೀತಿ?"

ಗುರುಗಳು ಅಂಗಳದತ್ತ ನೋಡಿದರು. ಸೂರ್ಯ ನೆತ್ತಿಯ ಮೇಲಿದ್ದ. ನೆರಳೆಲ್ಲ ಮರಗಳ ಬುಡಕ್ಕೆ ಸರಿದಿತ್ತು. ಆಮೇಲೆ ಅವರು ಶಿಷ್ಯನ ಕೈಯನ್ನು ನೋಡಿದರು.

"ಬೀಗದ ಕೈ ಇಲ್ಲಿದೆಯಲ್ಲ, ಈ ಬಿಸಿಲಲ್ಲಿ ನಿನ್ನ ಹೆಂಡತಿ ಎಲ್ಲಿ ಕೂತಿದ್ದಾಳೆ?"

ಶಿಷ್ಯ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು, ಬಂದ ದಾರಿಯಲ್ಲೇ ತಿರುಗಿ ಹೊರಟ.